ಗುಳೆಯೋ ಪ್ರವಾಸವೋ?

ಕನ್ನಡದಲ್ಲಿ ಊರು ಬಿಟ್ಟು ಹೋಗುವುದಕ್ಕೆ ಎರಡು ಮಾತುಗಳಿವೆ. ಕೈಯಲ್ಲಿ ಕಾಸಿದ್ದವನು ಹೋದರೆ ಅದು ಪ್ರವಾಸ. ಇಲ್ಲದವನು ಹೋದರೆ ಅದು ಗುಳೆ. ಮೊದಲನೆಯವನು ಹಿಂತಿರುಗಿದಾಗ ಊರಿನ ಮಹನೀಯರು ಹಾರ ಹಾಕುವರು, ಪತ್ರಿಕೆಯವರು ಲೇಖನ ಕೇಳುವರು, ಪ್ರಕಾಶಕರು ಪುಸ್ತಕ ಮಾಡುವರು. ಎರಡನೆಯವನು ಹಿಂತಿರುಗಿದಾಗ ಅವನಿಗೆ ಹಾಕುವ ಪ್ರಶ್ನೆ ಒಂದೇ: "ಎಷ್ಟು ಉಳಿಸಿಕೊಂಡು ಬಂದಿ?" ಇಬ್ಬರೂ ನೋಡಿದ್ದು ಅದೇ ಲೋಕವನ್ನು. ಅನೇಕ ವೇಳೆ ಎರಡನೆಯವನೇ ಹೆಚ್ಚು ನೋಡಿರುವನು, ಏಕೆಂದರೆ ಅವನು ಅಲ್ಲಿ ದುಡಿದು ಉಣ್ಣಬೇಕಾಗಿತ್ತು. ಈ ಭೇದಭಾವದಿಂದ ಕನ್ನಡ ಸಾಹಿತ್ಯಕ್ಕೆ ಒಂದು ಖಂಡದ ನಡುಭಾಗವೇ ಕೈತಪ್ಪಿ ಹೋಗಿದೆಯೆಂಬುದು ನನ್ನ ವಾದ.

ಪ್ರವಾಸ ಸಾಹಿತ್ಯವನ್ನು ಹಗುರಾಗಿ ಕಾಣುವವನು ನಾನಲ್ಲ. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ', ಕೃಷ್ಣಾನಂದ ಕಾಮತರ 'ನಾನೂ ಅಮೇರಿಕೆಗೆ ಹೋಗಿದ್ದೆ', ಗೊರೂರರ 'ಅಮೆರಿಕದಲ್ಲಿ ಗೊರೂರು' ಇವು ಮಂಠಾಳದಂಥ ಊರಿನಲ್ಲಿ ಕುಳಿತು ಓದುವವನಿಗೆ ಕೊಟ್ಟ ಸುಖ ಎಷ್ಟೆಂಬುದನ್ನು ನಾನು ಬಲ್ಲೆ. ಗೊರೂರರ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ, ಪ್ರವಾಸ ಕಥನಕ್ಕೂ ಸಾಹಿತ್ಯದ ಪಂಕ್ತಿಯಲ್ಲಿ ಒಂದು ಎಲೆ ಹಾಕಿದಂತಾಯಿತು. ಸಂತೋಷ. ಆದರೆ ಆ ಸಾಹಿತ್ಯದ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿರಿ. ಲಂಡನ್ನಿನ ಸೇತುವೆ ಎಷ್ಟು ಪುಸ್ತಕಗಳಲ್ಲಿ ಬಂದಿಲ್ಲ? ನಯಾಗರಾ ಜಲಪಾತ ಎಷ್ಟು ಸಾರಿ ಧುಮುಕಿಲ್ಲ? ಆಫ್ರಿಕ ಖಂಡ ಬಂದರೂ, ನಾನು ಓದಿದ ಮಟ್ಟಿಗೆ, ಕೀನ್ಯ ತಾಂಜಾನಿಯಗಳ ಹುಲ್ಲುಗಾವಲು ಬರುತ್ತದೆ, ಜೀಪಿನ ಮೇಲಿನಿಂದ ತೆಗೆದ ಸಿಂಹದ ಚಿತ್ರ ಬರುತ್ತದೆ. ಮನುಷ್ಯನು ಅಲ್ಲಿ ಡ್ರೈವರನಾಗಿಯೋ ಅಡಿಗೆಯವನಾಗಿಯೋ ರಾತ್ರಿ ಬೆಂಕಿಯ ಮುಂದೆ ಕುಣಿಯುವವನಾಗಿಯೋ ಬಂದು ಹೋಗುವನು. ಅವನ ಊರಿನ ಹೆಸರೇನು, ಅಲ್ಲಿ ಸಂತೆ ಯಾವ ವಾರ, ನೀರು ಎಲ್ಲಿಂದ ಬರುತ್ತದೆ, ಮಗಳ ಮದುವೆಗೆ ಎಷ್ಟು ಸಾಲ ಮಾಡಿದ, ಇದನ್ನು ಕೇಳಲು ಲೇಖಕ ಮಹಾಶಯರಿಗೆ ವ್ಯವಧಾನವಿಲ್ಲ. ಸಫಾರಿ ಬೆಳಿಗ್ಗೆ ಐದಕ್ಕೆ ಹೊರಡುತ್ತದೆ.

ಹಾಗಾದರೆ ಆಫ್ರಿಕದ ನಡುನಾಡಿನ ಪೇಟೆಗಳನ್ನು ಕಾಲಿನಿಂದ ತುಳಿದ ನಮ್ಮ ನಾಡಿನವರು ಇಲ್ಲವೆ? ಇದ್ದಾರೆ. ನಮ್ಮ ಬೀದರ ಜಿಲ್ಲೆಯಿಂದ ಲೆಕ್ಕ ಹಾಕಿದರೆ ರಾಜ್ಯದ ಇನ್ನೊಂದು ತುದಿಯಲ್ಲಿ, ಹುಣಸೂರು ತಾಲೂಕಿನ ಪಕ್ಷಿರಾಜಪುರದಲ್ಲಿ, ಶಿವಮೊಗ್ಗದ ಸುತ್ತಿನಲ್ಲಿ, ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಕಡೆ ಅವರು ಇದ್ದಾರೆ. ಹಕ್ಕಿಪಿಕ್ಕಿ ಎಂದು ಅವರಿಗೆ ಹೆಸರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರೆಲ್ಲ ಸೇರಿ 12,000ದಷ್ಟು ಜನ. ಮನೆಯಲ್ಲಿ ಆಡುವುದು ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತು, ಬೀದಿಯಲ್ಲಿ ಕನ್ನಡ. ಹೆಸರೇ ಹೇಳುವಂತೆ ಹಕ್ಕಿ ಹಿಡಿದು ಬದುಕುತ್ತಿದ್ದವರು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ಹಕ್ಕಿ ಉಳಿಯಿತು, ಹಿಡಿಯುವವನ ಕಸುಬು ಹೋಯಿತು. ಕಾಯಿದೆ ತಪ್ಪೆಂದು ನಾನು ಹೇಳುವುದಿಲ್ಲ. ಬಲೆಯನ್ನು ಕಸಿದುಕೊಂಡ ಸರಕಾರ ಅದರ ಬದಲು ಕೈಗೆ ಏನು ಕೊಟ್ಟಿತೆಂದು ಮಾತ್ರ ಕೇಳುತ್ತೇನೆ. ಅವರೇ ದಾರಿ ಹುಡುಕಿಕೊಂಡರು. ಪ್ಲಾಸ್ಟಿಕ್ ಹೂವು ಮಾರಿದರು, ಮಣಿಸರ ಮಾರಿದರು, ಬೇರು ನಾರು ಕುದಿಸಿ ಎಣ್ಣೆ ಮಾಡಿದರು. ಆ ಎಣ್ಣೆಯ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಕಳೆದ ಎರಡು ಮೂರು ದಶಕಗಳಲ್ಲಿ, ವಿಮಾನ ಹತ್ತಿ ಆಫ್ರಿಕಕ್ಕೆ ಹೋದರು. ಸುಡಾನಿಗೆ ಹೋದರು, ಗಬಾನಿಗೆ ಹೋದರು, ಕ್ಯಾಮರೂನಿಗೆ ಹೋದರು. ಮೈಕೈ ನೋವಿಗೆ, ಕೂದಲಿಗೆ ಎಂದು ಮನೆ ಮನೆ ತಿರುಗಿ ಮಾರಿದರು.

ಗಬಾನ್ ಎಂಬ ಹೆಸರು ನಮ್ಮ ಹಿಂದಿನ ತಲೆಮಾರಿನ ವಾಚಕರಿಗೆ ಅಪರಿಚಿತವಲ್ಲ. ಭೂಮಧ್ಯರೇಖೆ ಹಾದುಹೋಗುವ, ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಕಾಡಿರುವ ಆ ದೇಶದ ಲಂಬರೇನೆ ಎಂಬ ಊರಿನಲ್ಲಿ, ಒಗೊವೆ ನದಿಯ ದಂಡೆಯ ಮೇಲೆ, ಆಲ್ಬರ್ಟ್ ಷ್ವೈಟ್ಸರರು 1913ರಲ್ಲಿ ಆಸ್ಪತ್ರೆ ತೆರೆದರು. 1952ರ ಸಾಲಿನ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಬಂದಮೇಲೆ ಅವರ ಕೀರ್ತಿ ಲೋಕವೆಲ್ಲ ಹಬ್ಬಿತು. ಮಹಾನುಭಾವರು, ಸಂದೇಹವಿಲ್ಲ. ಆದರೆ ಆಫ್ರಿಕದವನನ್ನು ತಮ್ಮನೆಂದು ಕರೆದ ಅವರು, ಸಮಾನನೆಂದು ಕರೆಯಲಿಲ್ಲ; ತಮ್ಮ ಎಂದಿಗೂ ತಮ್ಮನೇ, ಅಣ್ಣನ ಮಾತು ಕೇಳಬೇಕಾದವನೇ. ಉದ್ಧಾರ ಮಾಡಲು ಹೋದವನ ಕಣ್ಣಿಗೆ ಎದುರಿನವನು ಸದಾ ಉದ್ಧಾರವಾಗಬೇಕಾದವನಾಗಿಯೇ ಕಾಣುವನು. ಎಣ್ಣೆ ಮಾರಲು ಹೋದವನ ಸ್ಥಿತಿ ಬೇರೆ. ಅವನಿಗೆ ಎದುರಿನವನು ಗಿರಾಕಿ. ಗಿರಾಕಿಯ ಮುಂದೆ ತಲೆ ತಗ್ಗಿಸಬೇಕು, ಅವನ ಮಾತು ಕಲಿಯಬೇಕು, ಅವನ ಹೆಂಡತಿ ಮಕ್ಕಳ ಕ್ಷೇಮ ಕೇಳಬೇಕು, ಅವನು ಬೈದರೆ ನಕ್ಕು ಮುಂದಿನ ಮನೆಗೆ ಹೋಗಬೇಕು. ಅರಬ್ಬಿ ಆಡುವ ಸುಡಾನಿನಲ್ಲಿಯೂ ಫ್ರೆಂಚ್ ನಡೆಯುವ ಗಬಾನಿನಲ್ಲಿಯೂ ಚೌಕಾಸಿ ಮಾಡಿ ಒಂದು ಬಾಟಲಿ ಮಾರಬೇಕಾದರೆ ಎಷ್ಟು ಲೋಕಜ್ಞಾನ ಬೇಕು! ಹೋಟೆಲಿನ ಕಿಟಕಿಯಿಂದ ನೋಡಿದವನಿಗೂ ಹೊಸ್ತಿಲಲ್ಲಿ ನಿಂತು ನೋಡಿದವನಿಗೂ ವ್ಯತ್ಯಾಸವಿಲ್ಲವೆ?

ಈ ಜನ ನಮ್ಮ ಕಣ್ಣಿಗೆ ಬಿದ್ದದ್ದು ಯಾವಾಗ? 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿದಾಗ. ಸುಡಾನಿನ ಪಶ್ಚಿಮದ ದಾರ್ಫುರ್ ಸೀಮೆ ಚಾಡ್ ಮತ್ತು ಮಧ್ಯ ಆಫ್ರಿಕ ಗಣರಾಜ್ಯಗಳಿಗೆ ಒತ್ತಿಕೊಂಡಿರುವ ನಾಡು. ಅಲ್ಲಿಯ ಅಲ್ ಫಾಶಿರ್ ನಗರದಲ್ಲಿ ಕರ್ನಾಟಕದ 31 ಜನ ಹಕ್ಕಿಪಿಕ್ಕಿಗಳು ಅನ್ನ ನೀರಿಲ್ಲದೆ ಸಿಕ್ಕಿಕೊಂಡಿದ್ದಾರೆಂಬ ಸುದ್ದಿ ಬಂದಿತು. ಆಗ ಇಲ್ಲಿ ವಿಧಾನಸಭೆಯ ಚುನಾವಣೆಯ ಕಾವು. ವಿರೋಧ ಪಕ್ಷದ ನಾಯಕರು ಸಾಮಾಜಿಕ ಜಾಲದಲ್ಲಿ ಮೊರೆಯಿಟ್ಟರು. ವಿದೇಶಾಂಗ ಸಚಿವರು ಇದರಲ್ಲಿ ರಾಜಕೀಯ ಬೇಡವೆಂದು ಸಿಡುಕಿದರು. ನಾಲ್ಕು ದಿನ ಪತ್ರಿಕೆಗಳಿಗೆ ಅದೇ ಹಬ್ಬವಾಯಿತು. 'ಆಪರೇಷನ್ ಕಾವೇರಿ' ಎಂಬ ಹೆಸರಿನಿಂದ ನಡೆದ ಕಾರ್ಯಾಚರಣೆಯಲ್ಲಿ ನಮ್ಮ ನೌಕಾಪಡೆ ವಾಯುಪಡೆಗಳು 3,862 ಜನರನ್ನು ಸುಡಾನಿನಿಂದ ಹೊರತಂದವು. ಮೆಚ್ಚಬೇಕಾದ ಕೆಲಸವೇ. ಮೇ ತಿಂಗಳಲ್ಲಿ ಪ್ರಧಾನಿಯವರು ಶಿವಮೊಗ್ಗದಲ್ಲಿ ಹಿಂತಿರುಗಿದವರನ್ನು ಕಂಡು ಮಾತಾಡಿದರು. ಮತದಾನ ಮುಗಿಯಿತು. ಆಮೇಲೆ ಅವರ ಸುದ್ದಿ ಕೇಳಿದವರಿಲ್ಲ.

ಅಷ್ಟು ಬರಹದಲ್ಲಿ ಅವರಿಗೆ ಸಿಕ್ಕ ವಿಶೇಷಣಗಳನ್ನು ನಾನು ಗಮನಿಸಿದೆ. ಸಂತ್ರಸ್ತರು, ಅತಂತ್ರರು, ಸಿಲುಕಿಕೊಂಡವರು. ಪ್ರವಾಸಿಗಳೆಂದು ಒಬ್ಬರೂ ಬರೆಯಲಿಲ್ಲ. ಅಲ್ ಫಾಶಿರದಿಂದ ಕೆಂಪು ಸಮುದ್ರದ ಪೋರ್ಟ್ ಸುಡಾನಿಗೆ ಭೂಮಾರ್ಗವಾಗಿ ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ಮರಳುನಾಡಿನ ಉದ್ದಗಲವನ್ನು ಇವರಲ್ಲದೆ ಬೇರೆ ಯಾವ ಕನ್ನಡಿಗನು ಬಲ್ಲನು? "ಆ ಊರು ಹೇಗಿತ್ತು?" ಎಂದು ಕೇಳಿದ ಒಂದೇ ಒಂದು ವಾಕ್ಯ ನನಗೆ ಎಲ್ಲಿಯೂ ಸಿಕ್ಕಲಿಲ್ಲ. "ಹೇಗೆ ಪಾರಾದಿರಿ?" ಎಂಬುದೇ ಎಲ್ಲರ ಪ್ರಶ್ನೆ.

ಇದು ಅನ್ಯಾಯವೆಂದು ಹೇಳಲು ನನಗೆ ದೂರದ ಪ್ರಮಾಣ ಬೇಕಿಲ್ಲ. ನಮ್ಮ ಬೀದರದ್ದೇ ಸಾಕು. 1470ರ ಸುಮಾರಿಗೆ ರಶಿಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬವನು ಚೌಲ್ ಬಂದರದಲ್ಲಿ ಇಳಿದು ಜುನ್ನರದ ಮೇಲೆ ಹಾಯ್ದು ಬಹಮನಿಗಳ ರಾಜಧಾನಿ ಬೀದರಕ್ಕೆ ಬಂದನು. ಅವನೇನು ಮಹಾ ವಿದ್ವಾಂಸನೆ? ರಾಯಭಾರಿಯೆ? ಒಂದು ಕುದುರೆಯನ್ನು ಮಾರಲು ಬಂದ ಸಾಮಾನ್ಯ ವ್ಯಾಪಾರಿ. ದಾರಿಯಲ್ಲಿ ಜುನ್ನರದ ಖಾನನು ಆ ಕುದುರೆಯನ್ನೇ ಕಿತ್ತುಕೊಂಡು, ಮತಾಂತರವಾದರೆ ಕೊಡುವೆನೆಂದು ಕಾಡಿದನು. ಖುರಾಸಾನದವನೊಬ್ಬನು ನಡುವೆ ಬಂದು ಬಿಡಿಸಿದನು. ಅಂದರೆ ಅವನೂ ಒಬ್ಬ ಸಿಲುಕಿಕೊಂಡವನೇ, ಇಂದಿನ ಪತ್ರಿಕೆಯ ಭಾಷೆಯಲ್ಲಿ ಸಂತ್ರಸ್ತನೇ. ಆದರೆ ಅವನು ಬರೆದಿಟ್ಟ ಟಿಪ್ಪಣಿ ಇಂದು ಬಹಮನಿ ಇತಿಹಾಸಕ್ಕೆ ಆಧಾರ. ನಮಗೆ ಹತ್ತಿರದ ಆಳಂದದಲ್ಲಿ ನೆರೆಯುತ್ತಿದ್ದ ಕುದುರೆ ಜಾತ್ರೆಯ ವರ್ಣನೆ ಅದರಲ್ಲಿದೆ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವುದೂ ಹಳ್ಳಿಗರು ಬಡತನದಲ್ಲಿ ಬೇಯುವುದೂ ಅದರಲ್ಲಿದೆ. ದರಬಾರದ ಕವಿಗಳಾರಿಗೂ ಕಾಣದ ಈ ಸಂಗತಿ ಕುದುರೆ ಮಾರುವವನಿಗೆ ಕಂಡಿತು. ಕುದುರೆ ಮಾರಿದವನು ಪ್ರವಾಸಿ, ಎಣ್ಣೆ ಮಾರಿದವನು ಅತಂತ್ರ! ಈ ತಕ್ಕಡಿ ಎಲ್ಲಿಯದು?

ಹುಮನಾಬಾದ ತಾಲೂಕಿನ ಮೊಳಕೇರಾಕ್ಕೆ ಹೋದವರು ಮೋಳಿಗೆಯ ಮಾರಯ್ಯನ ಗವಿಯನ್ನು ನೋಡಿರಬಹುದು. ಶರಣರ ಕಥೆಗಳು ಹೇಳುವಂತೆ ಅವನು ಕಾಶ್ಮೀರದ ಅರಸು. ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಹೊತ್ತು ಮಾರಿ ಬದುಕಿದನು. ಅದೇ ಕಾಶ್ಮೀರದಿಂದ ಅವನಿಗಿಂತ ಮೊದಲು ಬಿಲ್ಹಣ ಬಂದನು. ಮಥುರೆ, ಕಾಶಿ, ಗುಜರಾತಗಳನ್ನು ಸುತ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದನು, ಕಾವ್ಯ ಬರೆದನು. ಕಲ್ಯಾಣ ಎಂಬ ಪಟ್ಟಣ ಇಬ್ಬರಿಗೂ ಮಣೆ ಹಾಕಿತು. ಕವಿಗೆ ಮಾತ್ರ ಹಾಕಿ, ಕಟ್ಟಿಗೆ ಮಾರುವವನನ್ನು ಅಗಸೆಯ ಹೊರಗೆ ನಿಲ್ಲಿಸಲಿಲ್ಲ. ಹೊರೆ ಹೊತ್ತವನ ವಚನವೂ ವಚನವೇ ಎಂದು ಬರೆದಿಟ್ಟುಕೊಂಡ ನೆಲ ಇದು. ಆ ಹೆಸರನ್ನು 2019ರಲ್ಲಿ ಇಡೀ ಸೀಮೆಗೆ ಇಟ್ಟು 'ಕಲ್ಯಾಣ ಕರ್ನಾಟಕ' ಎಂದು ಕರೆದುಕೊಂಡೆವು. ಹೆಸರಿನ ಜೊತೆಗೆ ಆ ಹೃದಯ ಬಂದಿದೆಯೆ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ನಮ್ಮೂರಿನ ಹುಡುಗನೊಬ್ಬನು ಎಂಟು ವರ್ಷ ಪುಣೆಯಲ್ಲಿ ಗೌಂಡಿಯ ಕೈಕೆಳಗೆ ದುಡಿದು ಬಂದಿದ್ದಾನೆ. ಒಂದು ಸಂಜೆ ಕಟ್ಟೆಯ ಮೇಲೆ ಸಿಕ್ಕಾಗ ಕೇಳಿದೆ: "ಪುಣಾದಾಗ ಏನೇನ್ ನೋಡ್ದೆಪ್ಪಾ?"

"ಏನ್ ನೋಡ್ಲಿ ಕಾಕಾ, ಇಟ್ಟಂಗಿ ನೋಡ್ದೆ, ಸಿಮಿಟ್ ನೋಡ್ದೆ" ಎಂದು ನಕ್ಕ. ಬಿಡದೆ ಕೂಡಿಸಿಕೊಂಡು ಕೇಳಿದೆ. ಯಾವ ಓಣಿಯಲ್ಲಿ ನೆಲ ಅಗೆದರೆ ಎಷ್ಟಡಿಗೆ ಬಂಡೆ ಹತ್ತುತ್ತದೆ, ಯಾವ ಸೇಠನ ಮನೆಯಲ್ಲಿ ಕೂಲಿಯವರಿಗೆ ಬೇರೆ ಲೋಟ, ಗುಡ್ಡದ ಮೇಲಿನ ಯಾವ ವಸತಿಗೆ ನೀರು ರಾತ್ರಿ ಎರಡಕ್ಕೆ ಬರುತ್ತದೆ, ಇದೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಕತ್ತಲಾದರೂ ಅವನ ಮಾತು ಮುಗಿಯಲಿಲ್ಲ. ಪುಣೆಯ ಬಗ್ಗೆ ನಾನು ಓದಿದ ಯಾವ ಲೇಖನದಲ್ಲಿಯೂ ಇಷ್ಟು ಪುಣೆ ಇರಲಿಲ್ಲ. ಅವನಿಗೆ ತಾನು ಏನೂ ನೋಡಿಲ್ಲವೆಂದು ಅನ್ನಿಸಿದ್ದು ಯಾರಿಂದ? ನೋಡುವುದೆಂದರೆ ಶನಿವಾರವಾಡೆಯನ್ನು ನೋಡುವುದು ಎಂದು ಅವನಿಗೆ ಕಲಿಸಿದವರು ಯಾರು?

ಇನ್ನು 'ಕಗ್ಗತ್ತಲೆಯ ಖಂಡ' ಎಂಬ ಮಾತಿನ ವಿಚಾರ. ಈ ಮಾತು ಕನ್ನಡದಲ್ಲಿ ಹುಟ್ಟಿದ್ದಲ್ಲ, ಸಾಲ ತಂದದ್ದು. ಸಾಲ ಕೊಟ್ಟವನ ನಡತೆಯನ್ನು ನೋಡಬೇಕು. ಇದನ್ನು ಲೋಕಕ್ಕೆಲ್ಲ ಹಂಚಿದವನು ಹೆನ್ರಿ ಸ್ಟಾನ್ಲಿ. 1874ರಿಂದ 1877ರವರೆಗೆ ಪೂರ್ವ ಕರಾವಳಿಯಿಂದ ಹೊರಟು ಕಾಂಗೋ ನದಿಯ ಜಾಡು ಹಿಡಿದು ಪಶ್ಚಿಮ ಸಮುದ್ರ ಮುಟ್ಟಿದನು. ಧೈರ್ಯವಂತನೆಂದು ಒಪ್ಪೋಣ. 1878ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲಿಯೇ ಆಫ್ರಿಕವನ್ನು ಕತ್ತಲೆಯ ಖಂಡವೆಂದನು. 1890ರ ಪುಸ್ತಕದಲ್ಲಿ ಕತ್ತಲೆಯನ್ನು ಇನ್ನೂ ದಟ್ಟ ಮಾಡಿದನು. ಇವೆರಡರ ನಡುವೆ ಅವನು ಮಾಡಿದ್ದೇನು? ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಸಂಬಳ ತಿಂದು ಕಾಂಗೋದ ಹಳ್ಳಿಯ ಮುಖ್ಯಸ್ಥರಿಂದ ಕರಾರುಪತ್ರಗಳನ್ನು ಮಾಡಿಸಿದನು. 1885ರಿಂದ 1908ರವರೆಗೆ ಆ ದೇಶವೆಲ್ಲ ಒಬ್ಬ ಮನುಷ್ಯನ ಸ್ವಂತ ಆಸ್ತಿಯಾಯಿತು. ಆ ಮನುಷ್ಯ ಒಮ್ಮೆಯೂ ಅಲ್ಲಿ ಕಾಲಿಟ್ಟವನಲ್ಲ. ರಬ್ಬರು ಕಡಿಮೆಯಾದರೆ ಕೈ ಕತ್ತರಿಸುತ್ತಿದ್ದ ಆಡಳಿತ ಅದು. ಈ ಪಾಪವನ್ನು ಬಯಲಿಗೆ ಎಳೆದವರಲ್ಲಿ ಒಬ್ಬನಾದ ಮೊರೆಲ್ ಹಡಗು ಕಂಪನಿಯ ಗುಮಾಸ್ತ. ಬರುವ ಹಡಗಿನಲ್ಲಿ ರಬ್ಬರು, ದಂತ. ಹೋಗುವ ಹಡಗಿನಲ್ಲಿ ಬಂದೂಕು, ಮದ್ದು. ಲೆಕ್ಕದ ಪುಸ್ತಕ ನೋಡಿಯೇ ಅವನಿಗೆ ಅಲ್ಲಿ ನಡೆಯುತ್ತಿರುವುದು ವ್ಯಾಪಾರವಲ್ಲವೆಂದು ಹೊಳೆಯಿತು. ಕತ್ತಲೆ ಇದ್ದದ್ದು ಯಾರ ಮನೆಯಲ್ಲಿ? ದೋಚಬೇಕಾದ ಮನೆಯ ದೀಪವನ್ನು ಆರಿಸಿ, ಆಮೇಲೆ ಇಲ್ಲಿ ಕತ್ತಲೆಯೆಂದು ಕೂಗುವ ಜಾತಿಯ ಮಾತು ಇದು. ಇಂದಿಗೂ ಲೋಕದ ಕೋಬಾಲ್ಟ್ ಲೋಹದ ಬಹುಪಾಲು ಕಾಂಗೋದ ನೆಲದಿಂದ ಬರುತ್ತಿದೆ. ಆಫ್ರಿಕವನ್ನು ಹಾಸ್ಯ ಮಾಡುವ ಚಿತ್ರಗಳನ್ನು ನಾವು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಮೊಬೈಲಿನ ಬ್ಯಾಟರಿಯಲ್ಲಿ ಅದೇ ಇದೆ.

ಬೇರೆಯವರು ಈ ಮಾತನ್ನು ಆಡಿದರೆ ನನಗೆ ಬೇಸರ. ನಮ್ಮ ಸೀಮೆಯವರೇ ಆಡಿದರೆ ಸಿಟ್ಟು. ಯಾಕೆಂದರೆ ಈ ಕತ್ತಲೆಯ ಬಣ್ಣವನ್ನು ನಮಗೂ ಬಳಿದಿದ್ದಾರೆ. "ಬೀದರಿಗೆ ಎತ್ತಿ ಹಾಕಿಸ್ತೀನಿ" ಎಂಬ ಬೆದರಿಕೆ ಎಷ್ಟು ಸಿನಿಮಾಗಳಲ್ಲಿ ಬಂದಿಲ್ಲ? ಬೀದರ ಎಂದರೆ ಶಿಕ್ಷೆ! ಇಲ್ಲಿ ಹುಟ್ಟಿ ಇಲ್ಲಿಯೇ ಸಾಯುವ ನಾವೆಲ್ಲ ಯಾವ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವೆವು? ಕೆಲವು ವರ್ಷಗಳ ಹಿಂದೆ ದಕ್ಷಿಣದಿಂದ ಬಂದ ಲೇಖಕರೊಬ್ಬರು, ಹೆಸರು ಬೇಡ, ಎರಡು ದಿನ ನಮ್ಮ ಕಡೆ ತಿರುಗಾಡಿ ಬರೆದದ್ದನ್ನು ಓದಿದೆ. ಸಸ್ತಾಪುರ ಬಂಗ್ಲಾದಲ್ಲಿ ಇಳಿದೊಡನೆ ಅವರಿಗೆ ಧೂಳು ಕಂಡಿತು. ಬಸವಕಲ್ಯಾಣದ ಕೋಟೆಯಲ್ಲಿ ಬಿಸಿಲು ಕಂಡಿತು. ಹುಮನಾಬಾದದಲ್ಲಿ ಉರ್ದು ಬೆರೆತ ಮಾತು ಕೇಳಿ, ಇದು ಕನ್ನಡವೇ ಎಂದು ಶಂಕೆ ಹುಟ್ಟಿತು. ಜಲಸಂಗಿಯ ಗುಡಿಯ ಗೋಡೆಯ ಮೇಲೆ ಕೈಯಲ್ಲಿ ಕಂಟ ಹಿಡಿದು ಶಾಸನ ಬರೆಯುತ್ತಿರುವ ಹೆಣ್ಣು ನಿಂತಿದ್ದಾಳೆ. ಅವಳಿಗೆ ಒಂದು ಸಾಲು. ಮಾಣಿಕನಗರಕ್ಕೆ ಅರ್ಧ ಸಾಲು. ಜನರು 'ಮುಗ್ಧರು'. ಬಹಳ ಮುಗ್ಧರಂತೆ! ಈ ವಿಶೇಷಣ ಯಾವ ಅಂಗಡಿಯ ಮಾಲು ಎಂಬುದು ಆಫ್ರಿಕದ ಪ್ರವಾಸ ಪುಸ್ತಕಗಳನ್ನು ಓದಿದವರಿಗೆ ಕೂಡಲೆ ತಿಳಿಯುವುದು.

ಸ್ವಾರಸ್ಯವೆಂದರೆ, ಆಫ್ರಿಕ ನಮ್ಮ ತಟ್ಟೆಯಲ್ಲಿಯೇ ಇದೆ. ಬೀದರ ಸೀಮೆಯವನಿಗೆ ಜೋಳದ ರೊಟ್ಟಿಯಿಲ್ಲದ ಊಟ ಊಟವಲ್ಲ. ಈ ಜೋಳವನ್ನು ಮೊದಲು ಒಕ್ಕಲುತನಕ್ಕೆ ತಂದವರು ಯಾರು? ಇಂದಿನ ಸುಡಾನಿನ ಪೂರ್ವಭಾಗದವರು, ಐದು ಸಾವಿರ ವರ್ಷಗಳಿಗೂ ಹಿಂದೆ. ಅಲ್ಲಿಂದ ಸಮುದ್ರ ದಾಟಿ ಅದು ನಮ್ಮ ದೇಶಕ್ಕೆ ಬಂದಿತು. ಸಜ್ಜೆಯೂ ಆಫ್ರಿಕದ್ದೇ, ಮೈಸೂರಿನವರು ಹೆಮ್ಮೆಪಡುವ ರಾಗಿಯೂ ಆಫ್ರಿಕದ್ದೇ. ಸುಡಾನಿನಲ್ಲಿ ಇಂದಿಗೂ ಜೋಳದ ಹಿಟ್ಟನ್ನು ಹುಳಿಬರಿಸಿ ತೆಳ್ಳಗೆ ಹುಯ್ದು ಕಿಸ್ರಾ ಎಂಬ ರೊಟ್ಟಿ ಮಾಡುತ್ತಾರೆ. ಗಟ್ಟಿಯಾಗಿ ಕುದಿಸಿ ಅಸೀದಾ ಎಂಬ ಮುದ್ದೆ ಮಾಡುತ್ತಾರೆ. ಅಲ್ ಫಾಶಿರಿನ ಓಣಿಯಲ್ಲಿ ಎಣ್ಣೆ ಮಾರುತ್ತ ಹಸಿದ ಕನ್ನಡನಾಡಿನವನು ಆ ಮುದ್ದೆಯನ್ನು ಉಂಡಾಗ ಅವನಿಗೆ ಏನೆನ್ನಿಸಿರಬೇಕು? ಇದನ್ನು ನಾನು ಊಹಿಸಿ ಬರೆಯಬಹುದು. ಬರೆಯಲಾರೆ, ಯಾಕೆಂದರೆ ಹೇಳಬೇಕಾದವನು ಬದುಕಿದ್ದಾನೆ. ಸವಣೂರಿನ ಆ ದೈತ್ಯ ದೊಡ್ಡಹುಣಸೆ ಮರಗಳೂ ಆಫ್ರಿಕದ ಬಳಿಯಿಂದ ಬಂದವೇ. ಬೀದರದ ಹಬ್ಸಿಕೋಟೆಯ ಅತಿಥಿಗೃಹದಲ್ಲಿ ತಂಗುವ ಸಾಹೇಬರಲ್ಲಿ ಎಷ್ಟು ಜನ ಆ ಹೆಸರಿನ ಅರ್ಥ ಕೇಳಿದ್ದಾರೋ! ಹಬ್ಸಿ ಎಂದರೆ ಅಬಿಸೀನಿಯದವನು. ಗುಲಾಮರಾಗಿ ಬಂದು ಸರದಾರರಾದವರ ಗೋರಿಗಳು ಆ ದಿಬ್ಬದ ಮೇಲಿವೆ. ಬಹಮನಿ ಕಾಲದ ಕೊನೆಗೆ ಕಲಬುರ್ಗಿಯನ್ನು ಆಳಿದ ದಸ್ತೂರ ದೀನಾರನು ಅಂಥ ಹಬ್ಸಿಯೇ. ಉತ್ತರ ಕನ್ನಡದ ಕಾಡಿನಂಚಿನ ಸಿದ್ದಿಗಳ ಪೂರ್ವಜರು ಪೋರ್ತುಗೀಜರ ಹಡಗುಗಳಲ್ಲಿ ಬಂದವರು. ಅವರಲ್ಲೊಬ್ಬರು 2020ರಲ್ಲಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು.

ಇಷ್ಟೆಲ್ಲ ಸಂಬಂಧವಿದ್ದೂ ನಾವು ನಡೆದುಕೊಂಡದ್ದು ಹೇಗೆ? 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿಯ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಕ್ಕು ಮಹಿಳೆಯೊಬ್ಬಳು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಘಟನೆಯ ಗಂಧವೂ ಇಲ್ಲದ, ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು. ಅವಳು ಬಂದ ಕಾರನ್ನು ಸುಟ್ಟಿತು. ಸುಡಾನವೂ ತಾಂಜಾನಿಯವೂ ಬೇರೆ ದೇಶಗಳೆಂದು ಆ ಗುಂಪಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ಯಾರು ಬರೆದಿದ್ದರು? ಸಿಂಹಗಳ ಹೆಸರು ಗೊತ್ತು, ಊರುಗಳ ಹೆಸರು ಗೊತ್ತಿಲ್ಲ. ಅದೇ ಹೊತ್ತಿಗೆ ನಮ್ಮ ಹಕ್ಕಿಪಿಕ್ಕಿಗಳು ಅಲ್ಲಿಯ ಪಟ್ಟಣಗಳಲ್ಲಿ ಬಾಡಿಗೆಯ ಕೋಣೆ ಹಿಡಿದು, ಅಲ್ಲಿಯ ಹೆಂಗಸರಿಗೆ ಎಣ್ಣೆ ಮಾರುತ್ತಿದ್ದರು.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಆ ಎಣ್ಣೆಯಿಂದ ಕೂದಲು ಬೆಳೆಯುವುದೆಂಬುದಕ್ಕೆ ಆಧಾರವೇನು ಎಂದು ಕೆಲವರು ಕೇಳುವರು. ವೈದ್ಯರನ್ನು ಕೇಳಿರಿ, ನಿಕಿತಿನನ ಕುದುರೆಗೆ ಸುಳಿ ಸರಿಯಾಗಿತ್ತೇ ಎಂದು ಯಾವ ಇತಿಹಾಸಕಾರನೂ ಕೇಳಿಲ್ಲ. ಕಾಗದಪತ್ರ ಸರಿಯಿಲ್ಲದೆ, ಸಾಲ ಮಾಡಿ, ಹೆಂಡತಿ ಮಕ್ಕಳನ್ನು ಅಪಾಯಕ್ಕೆ ಒಡ್ಡಿ ಹೋಗುತ್ತಾರೆಂದು ಇನ್ನು ಕೆಲವರು. ನಿಜ, ಇದಕ್ಕೆ ಸರಕಾರ ಇಲ್ಲಿಂದಲೇ ನೋಂದಣಿ, ತಿಳುವಳಿಕೆ, ವಿಮೆಯ ವ್ಯವಸ್ಥೆ ಮಾಡಬೇಕು. ಬೆಂಕಿ ಹತ್ತಿದ ಮೇಲೆ ಬಾವಿ ತೋಡಬಾರದು. ಆದರೆ ಈ ಮಾತು ಹೇಳುವ ಕೆಲವರ ಮನಸ್ಸಿನಲ್ಲಿ ಬೇರೆಯದೇ ಇದೆ. ಅಲೆಯುವ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದುಕೊಂಡ 1871ರ ಕಾಯಿದೆ 1952ರಲ್ಲಿ ಹೋಯಿತು, ಮನಸ್ಸಿನಿಂದ ಹೋಗಿಲ್ಲ. ನಮ್ಮ ಕಡೆಯ ಪಾರ್ಧಿಗಳು ಊರ ಹೊರಗೆ ಬಿಡಾರ ಹೂಡಿದ ದಿನ ಬಾಗಿಲ ಚಿಲಕ ಎರಡು ಸಾರಿ ನೋಡುವವರನ್ನು ನಾನು ಇಂದಿಗೂ ಕಾಣುತ್ತೇನೆ. ಸೂಟು ತೊಟ್ಟವನು ಹತ್ತು ದೇಶ ಸುತ್ತಿದರೆ ಅನುಭವಿ. ಇವರು ಸುತ್ತಿದರೆ ಅನುಮಾನ.

ಅವರಿಗೆ ಬರೆಯಲು ಬಾರದು, ಸಾಹಿತ್ಯವೆಲ್ಲಿ ಎನ್ನುವವರೂ ಉಂಟು. ಮಾರ್ಕೊ ಪೋಲೊ ಬರೆದನೆ? ಜಿನೋವಾದ ಸೆರೆಮನೆಯಲ್ಲಿ ಅವನು ಹೇಳಿದನು, ಜೊತೆಯ ಕೈದಿ ರುಸ್ತಿಕೆಲ್ಲೊ ಬರೆದುಕೊಂಡನು. ಇಬನ್ ಬತೂತನೂ ಹೇಳಿ ಬರೆಸಿದವನೇ. ಲೋಕದ ಎರಡು ಮಹಾ ಪ್ರವಾಸ ಕಥನಗಳು ಬಾಯಿಂದ ಬಂದವು. ಬರೆದುಕೊಳ್ಳುವ ಒಬ್ಬನು ಹತ್ತಿರ ಇದ್ದುದರಿಂದ ಉಳಿದವು. ನಮ್ಮಲ್ಲಿ ವಿಶ್ವವಿದ್ಯಾಲಯಗಳಿಗೆ ಬರವಿಲ್ಲ, ಅಕಾಡೆಮಿಗಳಿಗೆ ಬರವಿಲ್ಲ, ಪ್ರವಾಸ ಸಾಹಿತ್ಯದ ಮೇಲೆ ಪ್ರಬಂಧ ಬರೆದು ಪದವಿ ಪಡೆಯುವವರಿಗಂತೂ ಬರವೇ ಇಲ್ಲ. ರುಸ್ತಿಕೆಲ್ಲೊ ಒಬ್ಬನೂ ಇಲ್ಲ.

ಅವಸರವೂ ಇದೆ. ಅಲ್ ಫಾಶಿರ್ ಎಂಬ ಊರು ಹದಿನೆಂಟನೆಯ ಶತಮಾನದ ಕೊನೆಯಿಂದ ದಾರ್ಫುರಿನ ಸುಲ್ತಾನರ ರಾಜಧಾನಿ. ಕೊನೆಯ ಸುಲ್ತಾನ ಅಲಿ ದೀನಾರನನ್ನು ಬ್ರಿಟಿಷರು 1916ರಲ್ಲಿ ಕೊಲ್ಲುವವರೆಗೂ ಅಲ್ಲಿ ಸ್ವತಂತ್ರ ರಾಜ್ಯವಿತ್ತು. ದಾರ್ಫುರಿನಿಂದ ಈಜಿಪ್ಟಿಗೆ ಒಂಟೆಗಳ ಸಾಲು ಹೊರಡುತ್ತಿದ್ದ ದಾರಿಗೆ ನಲವತ್ತು ದಿನದ ದಾರಿಯೆಂದೇ ಹೆಸರು. ಆ ನಗರವನ್ನು 2024ರ ಮೇ ತಿಂಗಳಿನಿಂದ ಅರೆಸೇನಾ ಪಡೆ ಮುತ್ತಿತು. ಐನೂರಕ್ಕೂ ಹೆಚ್ಚು ದಿನ ಜನ ಹಸಿದರು; ದನಕ್ಕೆ ಹಾಕುವ ಹಿಂಡಿಯನ್ನು ತಿಂದರು. 2025ರ ಅಕ್ಟೋಬರ 26ರಂದು ನಗರ ಬಿದ್ದಿತು. ಆಮೇಲಿನ ಕೊಲೆಗಳ ವರದಿಯನ್ನು ಇಲ್ಲಿ ಬರೆಯಲು ಕೈ ಏಳದು. 2023ರ ಏಪ್ರಿಲಿಗೆ ಮೊದಲು ಅಲ್ಲಿ ಯಾವ ಓಣಿಯಲ್ಲಿ ಯಾವ ಅಂಗಡಿ ಇತ್ತು, ಯಾವ ಮನೆಯ ಮುದುಕಿ ಚಹಾ ಕೊಟ್ಟು ಎಣ್ಣೆ ಕೊಳ್ಳುತ್ತಿದ್ದಳು ಎಂಬುದನ್ನು ಹೇಳಬಲ್ಲ ಕನ್ನಡ ಬಲ್ಲವರು ನಮ್ಮ ರಾಜ್ಯದ ಮೂರು ಜಿಲ್ಲೆಗಳ ನಾಲ್ಕಾರು ಕಾಲೋನಿಗಳಲ್ಲಿ ಇದ್ದಾರೆ. ಅವರಿಗೂ ವಯಸ್ಸಾಗುತ್ತಿದೆ. ಹೊಟ್ಟೆಪಾಡಿಗಾಗಿ ಅವರು ಮತ್ತೆ ಗಬಾನಿಗೋ ಕ್ಯಾಮರೂನಿಗೋ ಹೋದಾರು.

ಮುಂದಿನ ಪ್ರವಾಸ ಸಾಹಿತ್ಯ ಸಂಕಲನದ ಸಂಪಾದಕರು ದಯಮಾಡಿ ಹುಣಸೂರಿನ ಬಸ್ಸು ಹತ್ತಲಿ. ಪಕ್ಷಿರಾಜಪುರದಲ್ಲಿ ಇಳಿದು, ಒಂದು ಚಾಪೆಯ ಮೇಲೆ ಕುಳಿತು, ಕಾಗದ ತೆಗೆಯಲಿ. ಎಷ್ಟು ಕಷ್ಟಪಟ್ಟಿರಿ ಎಂಬ ಪ್ರಶ್ನೆ ಆಮೇಲೆ ಬರಲಿ. ಅಲ್ಲಿ ಸಂತೆ ಯಾವ ವಾರ ನೆರೆಯುತ್ತಿತ್ತು ಎಂದು ಮೊದಲು ಕೇಳಲಿ.